ಮಾವನ ಕಿವಿ, ಅತ್ತೆಯ ಮಾತು

ತಿ. ನರಸೀಪುರದ ನಮ್ಮ ಸೋದರಮಾವನನ್ನು ಅಂಗಡಿಗೆ ಕಳಿಸಬೇಕಾದರೆ ಎಂಟೆದೆ ಇರಬೇಕು! ಒಮ್ಮೆ ಅತ್ತೆ ಉಪ್ಪು, ಜೀರಿಗೆ, ಸಾಸಿವೆ, ಬೆಂಕಿಪೊಟ್ಟಣ ಹೇಳಿ ಕಳಿಸಿದರು. ಮಾವ ತಂದದ್ದು ಉಪ್ಪು, ಮತ್ತು ಕೈಚೀಲದ ತುಂಬ ಸೀಬೆಹಣ್ಣು!

"ಸಾಸ್ವೆ ಎಲ್ರೀ?"

"ಸೀಬೆ ತಾನೇ ನೀನಂದಿದ್ದು?"

"ಒಗ್ಗರಣೆಗೆ ಸೀಬೆ ಆಕ್ತಾರಾ?"

"ನಂಗೇನ್ ಗೊತ್ತು? ಅಡ್ಗೆ ಮಾಡೋಳು ನೀನು!"

ಉಳಿದೆರಡನ್ನು ಅತ್ತೆ ಹೇಳಿಯೇ ಇರಲಿಲ್ಲವಂತೆ!

ಇದೇ ಮನುಷ್ಯ ಕೊಟ್ಟಿಗೆಯ ಹಸುವಿನ ಅಜ್ಜಿ, ಮುತ್ತಜ್ಜಿಯರನ್ನೆಲ್ಲ ಹೆಸರು ಹಿಡಿದು ಹೇಳೋರು. ಯಾವುದು ಯಾರನ್ನು ಒದ್ದಿತ್ತು ಅನ್ನೋದೂ ಸೇರಿ! ನಲವತ್ತು ವರ್ಷದ್ದು ನೆನಪಿದೆ, ಅರ್ಧ ಗಂಟೆಯದು ಇಲ್ಲ. ಅರಳುಮರಳು ಎಂದು ನಾವೆಲ್ಲ ತೀರ್ಪು ಕೊಟ್ಟು, ಅವರಿಗೆ ಏನನ್ನಾದರೂ ಹೇಳುವುದನ್ನೇ ಬಿಟ್ಟೆವು. ಬಿಡದವರು ಅತ್ತೆ ಒಬ್ಬರೇ.

ಹೋದ ವರ್ಷ ಆಸ್ಪತ್ರೆ ಸೇರಿದ ಅತ್ತೆ ಮನೆಗೆ ಬರಲಿಲ್ಲ.

ಆಮೇಲೆ ಮಾವ ಮಾತೇ ನಿಲ್ಲಿಸಿದರು. ಮರೆವಿಗೆ ಔಷಧಿ ಕೇಳೋಣವೆಂದು ನಂಜನಗೂಡಿಗೆ ಕರೆದೊಯ್ದೆ. ಡಾಕ್ಟರಮ್ಮ ಐದು ಅಂಕಿ ಹೇಳಿ, ತಿರುಗಿ ಹೇಳಿಸಿದರು. ಬಂದದ್ದು ಎರಡು, ಅದರಲ್ಲೂ ಒಂದು ತಪ್ಪು! ಬೇರೆ ಐದನ್ನು ಚೀಟಿಯಲ್ಲಿ ಬರೆದು ತೋರಿಸಿ ಮಡಚಿದರು. ಮಾವ ಐದನ್ನೂ ಒಪ್ಪಿಸಿ, ಹಿಂದಿನಿಂದಲೂ ಹೇಳಿ, ಮೀಸೆ ಸವರಿಕೊಂಡರು.

"ಮರೆವಲ್ಲ ಇದು, ಕಿವಿ ಮಂದ," ಅಂದರು ಡಾಕ್ಟರಮ್ಮ. "ಯಾರು ಏನಂದ್ರು ಅಂತ ಊಹಿಸೋದಕ್ಕೇ ತಲೆ ದಣಿದುಹೋಗುತ್ತೆ. ನೆನಪಿಟ್ಟುಕೊಳ್ಳೋಕೆ ಶಕ್ತಿ ಎಲ್ಲಿ ಉಳೀತು?"

ಅದನ್ನು ಬರೆದು ತೋರಿಸಿದೆ. ಮಾವ ಓದಿದರು. "ಊಂ ಕಣ್ಲಾ. ಒಂದ್ ಮಾತ ಇಡ್ಕೊಳೋ ಒತ್ಗೆ ಇನ್ನೊಂದು ಜಾರೋಗಿರ್ತದೆ. ನೀವು ನಗ್ತಾ ಇರ್ತೀರಿ."

ಕಿವಿಗೆ ಮೆಷಿನ್ ಬಂತು. ಜೊತೆಗೇ ತಕರಾರೂ ಬಂತು: "ಬಸ್ಗಳು ಇಷ್ಟೊಂದ್ ಕಿರುಚ್ಕೊತಾವಾ!" ವಾರ ಕಳೆಯುವಷ್ಟರಲ್ಲಿ ಮೆಲ್ಲಗೆ ಆಡಿದ ಮಾತಿಗೂ ಸರಿಯಾಗಿ ಉತ್ತರ ಕೊಡತೊಡಗಿದರು.

ಒಂದು ಸಂಜೆ ಜಗಲಿಯಲ್ಲಿ ಕೂತಿದ್ದಾಗ ಕೇಳಿದರು: "ನಿಮ್ಮತ್ತೆ ಕೊನೇ ದಿನ ನನ್ನ ನೋಡಿ ಏನೋ ಕೇಳುದ್ಲು. ನೀನು ಪಕ್ಕದಲ್ಲೇ ಇದ್ದೆ. ಏನ್ಲಾ ಅದು?"

ನನಗೆ ಚೆನ್ನಾಗಿ ನೆನಪಿತ್ತು. ಅತ್ತೆ ಕೇಳಿದ್ದು, "ಊಟ ಆಯ್ತಾ?" ಅಂತ. ಮಾವ ಅದಕ್ಕೆ, "ಆಟೋನಾ? ಗೇಟತ್ರ ನಿಂತದೆ," ಅಂದಿದ್ದರು. ನರ್ಸಮ್ಮ ನಕ್ಕಿದ್ದರು. ನಾನೂ ನಕ್ಕಿದ್ದೆ. ಮತ್ತೊಮ್ಮೆ ಕೇಳಲು ಅತ್ತೆಗೆ ಉಸಿರು ಸಾಲಲಿಲ್ಲ.

"ಊಟ ಆಯ್ತಾ ಅಂದ್ರು, ಮಾವ."



"ಆಗಿರ್ನಿಲ್ಲ ಕಣ್ಲಾ," ಅಂದರು. "ಅಂಗಂತ ನಾನಂದಿದ್ರೆ, ಆ ಸ್ಥಿತೀಲೂ ಬೈದು ಉಣ್ಣಕ್ಕೆ ಕಳ್ಸೋಳು."