ಬೆಳ್ಮಣ್ ಏರಿನಲ್ಲಿ ಕೈಕೊಟ್ಟ ಗೇರ್‌ಬಾಕ್ಸ್ ಅವರಿಗೆ

ಮಾನ್ಯರೇ,

ಹಳೆಯ ಬೂದು ಬಣ್ಣದ ಕಾರೊಂದರ ಹೊಟ್ಟೆಯಲ್ಲಿ ಕುಳಿತು, ಯಾವಾಗ ಮೊದಲನೆಯ ಗೇರು, ಯಾವಾಗ ಎರಡನೆಯದು ಎಂಬುದನ್ನು ಓಡಿಸುವವರ ಅಭಿಪ್ರಾಯ ಕೇಳದೆ ಸ್ವತಃ ನಿರ್ಧರಿಸುತ್ತಿದ್ದ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆದ ತಮಗೆ, ಕಾಪುವಿನ ಮನೋರಮಾ ಮಾಡುವ ಗೌರವಪೂರ್ವಕ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ತಾವು ಸದ್ಯ ಕಾರಿನಿಂದ ಹೊರಬಿದ್ದು ಡೆನ್ವರನ ಗ್ಯಾರೇಜಿನ ಹಿಂಬದಿಯ ಗೋಡೆಗೆ ಒರಗಿ ವಿಶ್ರಾಂತಿಯಲ್ಲಿ ಇರುವುದರಿಂದ ತಮಗೆ ಪುರುಸೊತ್ತು ಉಂಟೆಂದು ತಿಳಿದು ಈ ಪತ್ರ ಬರೆಯುತ್ತಿದ್ದೇನೆ. ಖಾಸಗಿಯಾಗಿ ಹೇಳಿದ್ದನ್ನೆಲ್ಲ ತಾವು ಕೇಳಿಯೂ ಕೇಳದವರಂತೆ ಇರುತ್ತಿದ್ದಿರಿ ಎಂಬ ಅನುಭವದಿಂದ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ, ಕ್ಷಮಿಸಬೇಕು.

ಇಷ್ಟು ವರ್ಷ ಜೊತೆಗಿದ್ದರೂ ತಾವು ತಲೆಯೆತ್ತಿ ನೋಡಿದವರಲ್ಲ, ಆದ್ದರಿಂದ ನನ್ನ ಪರಿಚಯ ಹೇಳಬೇಕಾಗಿದೆ. ಒಂದು ಮಳೆಗಾಲದಲ್ಲಿ ಹೆದ್ದಾರಿಯ ಹೊಂಡಕ್ಕೆ ನನ್ನ ಸ್ಕೂಟರು ಇಳಿಯಿತು, ಅದರ ಹಿಂದೆಯೇ ನಾನೂ ಇಳಿದೆ. ಎಡಪಾದದ ಗಂಟು ಮುರಿದು, ಒಳಗೆ ಪ್ಲೇಟು ಸ್ಕ್ರೂಗಳನ್ನು ಕೂರಿಸಿದರು. ಈಗ ನಡೆಯಬಲ್ಲೆ, ಮೆಟ್ಟಿಲು ಹತ್ತಬಲ್ಲೆ, ಆದರೆ ಕ್ಲಚ್ಚು ಒತ್ತಲಾರೆ. ನನ್ನ ಕಸುಬೋ ಮಲ್ಲಿಗೆಯದು. ಬೆಳಿಗ್ಗೆ ಶಂಕರಪುರದ ವೆರೊನಿಕಾ ಬಾಯಿಯ ಅಂಗಳಕ್ಕೆ ಹೋಗಿ, ಆಕೆ ತನ್ನ ಗಿಡಗಳಿಂದ ಕೊಯ್ದು ಬಾಳೆನಾರಿನಲ್ಲಿ ಕಟ್ಟಿಟ್ಟ ಮೊಗ್ಗಿನ ಚೆಂಡುಗಳನ್ನು ಎತ್ತಿಕೊಂಡು, ಶಿರ್ವ, ಬೆಳ್ಮಣ್ ದಾಟಿ ಕಾರ್ಕಳದ ಹೂವಿನಂಗಡಿಗಳಿಗೂ ಮದುವೆ ಮನೆಗಳಿಗೂ ಮುಟ್ಟಿಸುವುದು. ಕಾಲು ಮುರಿದ ಮೇಲೆ ಒಂದು ವರ್ಷ ನಾನು ಇದಕ್ಕಾಗಿ ಅವರಿವರ ಕಾರಿನಲ್ಲಿ ಮೂಲೆ ಸೀಟು ಬೇಡಿಕೊಂಡು ತಿರುಗಿದೆ. ಬಹರೈನಿನ ಕೆಲಸ ಬಿಟ್ಟು ಊರಿಗೆ ಬಂದಿದ್ದ ನನ್ನ ಗಂಡ ತಾರಾನಾಥರು ಅದನ್ನು ನೋಡಲಾಗದೆ, ಪರಿಚಯದವರೊಬ್ಬರಿಂದ ತಾವು ಇದ್ದ ಕಾರನ್ನು ತಂದುಕೊಟ್ಟರು. "ಇದರಲ್ಲಿ ಎಡಗಾಲಿಗೆ ಎಂತ ಕೆಲಸವೂ ಇಲ್ಲ," ಎಂದರು. ಆ ಒಂದು ಮಾತಿಗೆ ನಾನು ತಮ್ಮನ್ನು ದೇವರ ಕೋಣೆಯ ಪಕ್ಕದಲ್ಲೇ ನಿಲ್ಲಿಸುತ್ತಿದ್ದೆ, ಆದರೆ ಮನೆಯ ಬಾಗಿಲು ಅಷ್ಟು ಅಗಲ ಇರಲಿಲ್ಲ.

ತಮ್ಮ ಮೊದಲ ವರ್ಷಗಳ ಸೇವೆಯ ಬಗ್ಗೆ ಒಂದು ಕುಂದು ಹೇಳಿದರೂ ನನ್ನ ನಾಲಗೆಗೆ ಹುಳ ಬೀಳಲಿ. ಬೆಣ್ಣೆಯಂತೆ ಗೇರು ಬದಲಾಗುತ್ತಿತ್ತು. ಆಮೇಲೆ ತಮಗೆ ಚಿಂತನೆಯ ಅಭ್ಯಾಸ ಹತ್ತಿತು. ಸೆಲೆಕ್ಟರನ್ನು ಹಿಂದಕ್ಕೆ ಹಾಕಿದರೆ, ಹಿಂದೆ ಹೋಗುವುದು ತಮ್ಮ ಘನತೆಗೆ ತಕ್ಕದ್ದೇ ಎಂದು ತುಸು ಹೊತ್ತು ಆಲೋಚಿಸಿ, ಒಮ್ಮೆಲೆ ಢಕ್ ಎಂದು ಒಪ್ಪಿಗೆ ಕೊಡುತ್ತಿದ್ದಿರಿ. ಮುಂದಿನ ಹಂತದಲ್ಲಿ ಕಾರು ಬಿಸಿಯಾದ ಮೇಲೆ ನಾನು ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಮಾತ್ರ ಕಿರುಚುವುದು, ಕಾರು ಅದನ್ನು ಕೇಳುತ್ತಾ ನಿಲ್ಲುವುದು. ಕೇಳಿಸಿಕೊಳ್ಳುವ ಗುಣ ಎಲ್ಲರಲ್ಲೂ ಇರುವುದಿಲ್ಲ, ಅದನ್ನು ಮೆಚ್ಚುತ್ತೇನೆ.

ನಾನು ತಮ್ಮನ್ನು ಕಾಪುವಿನಲ್ಲೇ ಗ್ಯಾರೇಜು ಇಟ್ಟಿರುವ ಡೆನ್ವರನ ಬಳಿಗೆ ಕರೆದೊಯ್ದೆ. ಡೆನ್ವರ್ ಯಾವುದೇ ಕಾರಿನ ಬಾನೆಟ್ ಎತ್ತುವ ಮೊದಲೇ ರೋಗ ಹೇಳಬಲ್ಲ ಆತ್ಮವಿಶ್ವಾಸದ ಮನುಷ್ಯ. "ಅಕ್ಕಾ, ಇದು ಆಯಿಲ್ ಮಾತ್ರ. ಹೊಸ ಆಯಿಲ್ ಹಾಕಿದರೆ ಹುಡುಗಿಯ ಹಾಗೆ ಓಡ್ತದೆ," ಎಂದ. ಕೆಳಗಿನ ಬೋಲ್ಟು ಬಿಚ್ಚಿದಾಗ ಬಿದ್ದದ್ದು ಎಣ್ಣೆಯಲ್ಲ, ಕಪ್ಪು ಕಷಾಯ. ಸುಟ್ಟ ವಾಸನೆ ಪಕ್ಕದ ಹೋಟೆಲಿನವರೆಗೆ ಹೋಯಿತು. ಅವನು ಅದನ್ನು ಚೆಲ್ಲಿ ಹೊಸ ಎಣ್ಣೆ ತುಂಬಿದ. ತಾವು ಹೊಸ ಎಣ್ಣೆಯನ್ನು ಸಂತೋಷದಿಂದ ಸ್ವೀಕರಿಸಿ, ಮೊದಲು ಅರ್ಧ ಗಂಟೆ ಬಿಸಿಯಾದ ಮೇಲೆ ಮಾಡುತ್ತಿದ್ದ ಸತ್ಯಾಗ್ರಹವನ್ನು ಹತ್ತೇ ನಿಮಿಷಕ್ಕೆ ಆರಂಭಿಸಿದಿರಿ. ಡೆನ್ವರ್ ತಲೆ ಕೆರೆದುಕೊಂಡು, "ಹಳೇ ಗೇರ್‌ಬಾಕ್ಸಿಗೆ ಹಳೇ ಎಣ್ಣೆಯೇ ಅಭ್ಯಾಸ ಆಗಿತ್ತು ಕಾಣ್ತದೆ," ಎಂದ. ಅವನ ಪ್ರಾಮಾಣಿಕತೆಯೂ ಅವನ ಆತ್ಮವಿಶ್ವಾಸದಷ್ಟೇ ಬೇಗ ಬರುವುದಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಆಮೇಲೆ ಮಣಿಪಾಲದ ದಾರಿಯ, ಗಾಜಿನ ಗೋಡೆಯ ಸರ್ವಿಸ್ ಸೆಂಟರು. ಅಲ್ಲಿ ಲವಿಟಾ ಎಂಬ ಚುರುಕಿನ ಹುಡುಗಿ ನಮ್ಮ ದೂರು ಬರೆದುಕೊಂಡಳು. ಸರದಿ ಬರುವಷ್ಟರಲ್ಲಿ ಕಾರು ತಣ್ಣಗಾಗಿತ್ತು. ಸ್ಕ್ಯಾನರನ್ನು ಕಾರಿಗೆ ಸಿಕ್ಕಿಸಿದರು, ತಾವು ಅದಕ್ಕೆ ಒಂದು ತಪ್ಪನ್ನೂ ಒಪ್ಪಿಕೊಳ್ಳಲಿಲ್ಲ. ಕಾಂಪೌಂಡಿನೊಳಗೆ ಎರಡು ಸುತ್ತು ಓಡಿಸಿದರು, ತಾವು ಪರೀಕ್ಷೆಗೆ ಬಂದ ಇನ್‌ಸ್ಪೆಕ್ಟರರ ಮುಂದೆ ಶಾಲೆಯ ಮಕ್ಕಳು ಇರುವಷ್ಟು ಶಿಸ್ತಿನಲ್ಲಿ ಇದ್ದಿರಿ. "ಕಾರು ನಾರ್ಮಲ್ ಉಂಟು ಮೇಡಂ," ಎಂದಳು ಲವಿಟಾ. ಆ ದಿನ ನಾನು ನನ್ನ ಕಿವಿ, ಮೂಗು, ಬುದ್ಧಿ ಮೂರರ ಮೇಲೂ ಅನುಮಾನಪಡುತ್ತಾ ಮನೆಗೆ ಬಂದೆ. ಹೆಂಗಸೊಬ್ಬಳು ತನ್ನನ್ನೇ ನಂಬದಂತೆ ಮಾಡುವ ತಮ್ಮ ಈ ಕಲೆಗೆ ಸರಕಾರ ಯಾವುದಾದರೂ ಪ್ರಶಸ್ತಿ ಇಟ್ಟಿದ್ದರೆ ಅರ್ಜಿ ಹಾಕಲು ನಾನೇ ಬರುತ್ತೇನೆ.

ಇನ್ನು ಬೆಳ್ಮಣ್ ಏರಿನ ವಿಷಯಕ್ಕೆ ಬರುತ್ತೇನೆ. ಕಾರ್ಕಳದಲ್ಲಿ ಧೃತಿ ಎಂಬ ಹುಡುಗಿಯ ಮದುವೆ. ಮದುಮಗಳ ಜಡೆಗೆ, ಮದುಮಗನ ಹಾರಕ್ಕೆ, ಬಂದ ಹೆಂಗಸರಿಗೆಲ್ಲ ಹಂಚಲಿಕ್ಕೆ, ಎಲ್ಲ ಮಲ್ಲಿಗೆಯೂ ನನ್ನದೇ. ವೆರೊನಿಕಾ ಬಾಯಿ ಅಕ್ಕಪಕ್ಕದ ಮನೆಗಳ ಮೊಗ್ಗನ್ನೂ ಸೇರಿಸಿ, ಬಾಳೆ ಎಲೆ ಹಾಸಿದ ದೊಡ್ಡ ಪೆಟ್ಟಿಗೆಯಲ್ಲಿ ಜೋಡಿಸಿ, "ಬಿಸಿಲು ಏರುವ ಮೊದಲು ಮುಟ್ಟಿಸು ಮನೋರಮಾ, ನನ್ನ ಹೆಸರು ಉಂಟು ಇದರಲ್ಲಿ," ಎಂದು ಕಳುಹಿಸಿದಳು. ತಾವು ಶಿರ್ವ ದಾಟುವವರೆಗೆ ಸುಮ್ಮನಿದ್ದು, ಬೆಳ್ಮಣ್ ಹತ್ತಿರದ ಏರಿನ ನಟ್ಟನಡುವೆ ಕೈಬಿಟ್ಟಿರಿ. ಎಂಜಿನ್ ಕೂಗುತ್ತಿದೆ, ಕಾರು ನಿಧಾನವಾಗಿ ಹಿಂದಕ್ಕೆ ಜಾರುತ್ತಿದೆ. ನಾನು ಬ್ರೇಕಿನ ಮೇಲೆ ಪೂರ್ತಿ ನಿಂತೆ ಎಂದೇ ಹೇಳಬೇಕು. ಹಿಂದೆ ಬರುತ್ತಿದ್ದ ಕೆಂಪುಕಲ್ಲಿನ ಲಾರಿ ಹಾರ್ನ್ ಹಾಕುತ್ತಾ ಬಂದು, ನನ್ನ ತಲೆಯ ಮೇಲಿನ ಕನ್ನಡಿಯಲ್ಲಿ ಅದರ ಮುಖ ಬಿಟ್ಟು ಬೇರೇನೂ ಕಾಣದಷ್ಟು ಹತ್ತಿರದಲ್ಲಿ ನಿಂತಿತು. ಲಾರಿಯವರು ಇಳಿದು, ಒಂದು ಮಾತೂ ಬಯ್ಯದೆ, ತಮ್ಮದೇ ಲಾರಿಯ ಕಲ್ಲು ತೆಗೆದು ನನ್ನ ಚಕ್ರದ ಹಿಂದೆ ಇಟ್ಟರು. ಮುಂದೆ ಎಂದಾದರೂ ತಮಗೆ ಇಂಥ ನಿರ್ಧಾರ ತೆಗೆದುಕೊಳ್ಳುವ ಮನಸ್ಸಾದರೆ, ದಯವಿಟ್ಟು ಸಮತಟ್ಟಾದ ಜಾಗ, ಮರದ ನೆರಳು ಮತ್ತು ಚಾ ಅಂಗಡಿ ಇರುವಲ್ಲಿ ತೆಗೆದುಕೊಳ್ಳಬೇಕೆಂದೂ, ಒಂದು ವಾರ ಮೊದಲು ತಿಳಿಸಬೇಕೆಂದೂ ಈ ಮೂಲಕ ವಿನಂತಿ.

ನಾನು ತಾರಾನಾಥರಿಗೆ ಫೋನು ಹಚ್ಚಿ, ಮಾತು ಮುಗಿಸುವ ಮೊದಲೇ ಫೋನನ್ನು ಸೀಟಿನ ಮೇಲೆ ಎಸೆದು ಹೊರಗೆ ಇಳಿದೆ, ಯಾಕೆಂದರೆ ಕೆಳಗಿನಿಂದ ಕಾರ್ಕಳದ ಬಸ್ಸು ಹಾರ್ನ್ ಹಾಕುತ್ತಾ ಬರುತ್ತಿತ್ತು. ಕೈ ಅಡ್ಡ ಹಿಡಿದೆ. ಕಂಡಕ್ಟರು ಇಳಿದು ಪೆಟ್ಟಿಗೆ ನೋಡಿ, "ಮದುವೆಗೋ? ಬನ್ನಿ ಬನ್ನಿ," ಎಂದು ಒಂದು ತುದಿ ತಾನೇ ಹಿಡಿದ. ಇನ್ನೊಂದು ತುದಿಯನ್ನು ಲಾರಿಯವರು ಎತ್ತಿಕೊಟ್ಟರು. ಸೀಟು ಇರಲಿಲ್ಲ. ಒಬ್ಬ ಅಜ್ಜಿ ತನ್ನ ಕಾಲುಗಳನ್ನು ಮೇಲೆ ಮಡಚಿಕೊಂಡು ಪೆಟ್ಟಿಗೆಗೆ ಜಾಗ ಮಾಡಿದಳು. ಬಸ್ಸಿನ ತುಂಬ ಮಲ್ಲಿಗೆ ಪರಿಮಳ. ಕಾರ್ಕಳದ ನಿಲ್ದಾಣದಿಂದ ರಿಕ್ಷಾ ಹಿಡಿದು ಕಲ್ಯಾಣ ಮಂಟಪಕ್ಕೆ ಮುಟ್ಟಿದಾಗ ಧೃತಿಯ ಜಡೆ ಹೆಣೆದು ಮುಗಿಸಿ ಎಲ್ಲರೂ ಬಾಗಿಲು ನೋಡುತ್ತಿದ್ದರು. ಹೂವು ಬಾಡಿರಲಿಲ್ಲ. ನಾನು ಮಾತ್ರ ಅಡುಗೆಯವರ ಕೋಣೆಗೆ ಹೋಗಿ, ಒಂದು ಸ್ಟೂಲಿನ ಮೇಲೆ ಕುಳಿತು, ಒಂದರ ಮೇಲೊಂದು ಮೂರು ಲೋಟ ನೀರು ಕುಡಿದೆ. ಈ ವಿಷಯ ತಮಗೆ ತಿಳಿದಿರಲಾರದು, ತಾವು ಆಗ ತಣ್ಣಗಾಗುತ್ತಿದ್ದಿರಿ.

ಸಂಜೆ ಡೆನ್ವರ್ ಹೋಗಿ ಚಾಲೂ ಮಾಡಿದಾಗ ತಾವು ಏನೂ ಆಗಿಲ್ಲವೆಂಬಂತೆ ಮನೆಗೆ ಬಂದಿರಿ. ಅಂಗಳದಲ್ಲಿ ನಿಂತಿದ್ದ ತಾರಾನಾಥರು ತಮ್ಮ ಕಡೆ ತಿರುಗಿಯೂ ನೋಡದೆ, "ಮಾರಿಬಿಡುವ. ಇನ್ನು ನಾನೇ ಕರಕೊಂಡು ಹೋಗ್ತೇನೆ," ಎಂದರು.

"ದಿನಾ?"

"ದಿನಾ."

"ಮಳೆಗೆ, ಜ್ವರಕ್ಕೆ, ನಿಮ್ಮ ಸೊಸೈಟಿ ಮೀಟಿಂಗಿಗೆ?"

ಅವರು ಸೊಸೈಟಿಗೆ ಓಡಾಡಲು ಇಟ್ಟುಕೊಂಡಿದ್ದ ಕ್ಲಚ್ಚಿನ ಕಾರಿನಲ್ಲಿ ಮರುದಿನದಿಂದ ಹೂವು ಹೋಗತೊಡಗಿತು. ಅವರು ಒಳ್ಳೆಯ ಚಾಲಕರು, ಒಳ್ಳೆಯ ಗಂಡನೂ ಹೌದು. ಆದರೆ ವೆರೊನಿಕಾ ಬಾಯಿಯೊಡನೆ ನಾನು ಮಾತನಾಡುವಾಗ ಗೇಟಿನ ಹೊರಗೆ ಎಂಜಿನ್ ಆರಿಸದೆ ಕಾಯುವವರು. ಕಾರ್ಕಳದ ಅಂಗಡಿಯವರು ಈಗ ಹೂವಿನ ಮಾತನ್ನು ಅವರೊಡನೆ ಆಡತೊಡಗಿದರು, ನಾನು ಪಕ್ಕದ ಸೀಟಿನಲ್ಲಿ ಪೆಟ್ಟಿಗೆಯ ಜೊತೆ ಇನ್ನೊಂದು ಪೆಟ್ಟಿಗೆಯಾದೆ. ಮಾನ್ಯರೇ, ತಾವು ನನ್ನಿಂದ ಕಿತ್ತುಕೊಂಡದ್ದು ಗೇರನ್ನಲ್ಲ ಎಂಬುದು ನನಗೆ ಅಲ್ಲಿ ಗೊತ್ತಾಯಿತು.

ನಾನು ಲವಿಟಾಳಿಗೆ ಫೋನು ಮಾಡಿ, ಆಕೆಯ ನಾರ್ಮಲ್ ಕಾರು ನನ್ನನ್ನು ಲಾರಿಯ ಮುಂದೆ ನಾರ್ಮಲ್ಲಾಗಿ ನಿಲ್ಲಿಸಿತೆಂದು ಆದಷ್ಟು ಮರ್ಯಾದೆಯಿಂದ ತಿಳಿಸಿದೆ. ಆಕೆ ನಮ್ಮ ಹಳೆಯ ದೂರಿನ ಹಾಳೆ ತೆಗೆದು ನೋಡಿ, "ಮೇಡಂ, ಅವತ್ತು ಕಾರು ಬಿಸಿ ಇರುವಾಗ ನೋಡಬೇಕಿತ್ತು, ನೋಡಲಿಲ್ಲ. ಈ ಸಲ ಬಿಸಿ ಮಾಡಿಕೊಂಡೇ ಬನ್ನಿ. ನಾನೇ ಕೂರ್ತೇನೆ," ಎಂದಳು. ಹಾಗೆ ಒಂದು ಮಧ್ಯಾಹ್ನ ನಾವು ಉಡುಪಿಯ ಕಲ್ಸಂಕದ ಟ್ರಾಫಿಕ್ಕಿನಲ್ಲಿ ತಮ್ಮನ್ನು ಚೆನ್ನಾಗಿ ಕುದಿಸಿ, ಮಣಿಪಾಲದ ಏರಿಗೆ ಹೊರಟೆವು. ಓಡಿಸುವವಳು ಲವಿಟಾ, ಪಕ್ಕದಲ್ಲಿ ನಾನು, ಹಿಂದಿನಿಂದ ತಾರಾನಾಥರು ಎರಡೂ ಇಂಡಿಕೇಟರ್ ಮಿನುಗಿಸುತ್ತಾ, ಶವಯಾತ್ರೆಗೆ ಬೇಕಾದ ಗಾಂಭೀರ್ಯದಲ್ಲಿ. ಏರಿನ ಅರ್ಧದಲ್ಲಿ ಎಂಜಿನ್ನಿನ ಮುಳ್ಳು ಮೇಲಕ್ಕೆ ಹಾರಿತು, ವೇಗದ ಮುಳ್ಳು ಕೆಳಗೆ ಕುಸಿಯಿತು. "ನೋಡಿದಿರಾ," ಎಂದು ಲವಿಟಾ ಎಡಬದಿಗೆ ತಂದು ನಿಲ್ಲಿಸಿದಳು. ಸ್ಕ್ಯಾನರು ಆಗಲೂ ತಮ್ಮ ಪರವಾಗಿಯೇ ಇತ್ತು. ಆದರೆ ತಮ್ಮ ತಳದ ತಟ್ಟೆ ಬಿಚ್ಚಿಸಿದಾಗ ಒಳಗಿನ ಅಯಸ್ಕಾಂತದ ಮೇಲೆ ಕಬ್ಬಿಣದ ಪುಡಿ ಗಡ್ಡದಂತೆ ಬೆಳೆದಿತ್ತು. ಎಣ್ಣೆಯ ಒತ್ತಡದಿಂದ ಒಂದನ್ನೊಂದು ಹಿಡಿದುಕೊಂಡು ಚಕ್ರಕ್ಕೆ ಬಲ ಮುಟ್ಟಿಸಬೇಕಾದ ಬಿಲ್ಲೆಗಳು ಸವೆದು, ಎಣ್ಣೆ ಬಿಸಿಯಾಗಿ ತೆಳುವಾದೊಡನೆ ಹಿಡಿತ ಬಿಡುತ್ತಿದ್ದವು. ರಿಪೇರಿಯಲ್ಲ, ಬದಲಾವಣೆಯೇ ದಾರಿ ಎಂದಾಯಿತು.

ಹೊಸದಕ್ಕೆ ಕಂಪನಿ ಕೇಳಿದ್ದು ಇಡೀ ಕಾರಿನ ಬೆಲೆಗಿಂತ ಹೆಚ್ಚು. ಲವಿಟಾ ಸ್ವರ ತಗ್ಗಿಸಿ, "ಹಳೇದು ಒಳ್ಳೇದು ಸಿಗ್ತದೆ ಮೇಡಂ. ನಂಬರ್ ಮಾತ್ರ ಸರಿಯಾಗಿ ನೋಡ್ಲಿಕ್ಕೆ ಹೇಳಿ," ಎಂದಳು. ಡೆನ್ವರ್ ಮಂಗಳೂರಿನ ಗುಜರಿಗೆ ಹೋಗಿ ನಂಬರ್ ನೋಡದೆಯೇ ಒಂದನ್ನು ಹೊತ್ತು ತಂದ. ಅದು ನೋಡಲು ತಮ್ಮ ಅವಳಿಯಂತೆಯೇ ಇದ್ದು, ಬೋಲ್ಟಿನ ತೂತುಗಳಲ್ಲಿ ಮಾತ್ರ ಭಿನ್ನಾಭಿಪ್ರಾಯ ಹೊಂದಿತ್ತು. ಎರಡನೆಯ ಸಲ ನಾನೇ ಅವನ ಜೊತೆ ಹೋದೆ. ಹಿಂದಿನಿಂದ ಗುದ್ದಿಸಿಕೊಂಡು ಗುಜರಿ ಸೇರಿದ್ದ ಕಾರೊಂದರ ಮೂತಿ ಮಾತ್ರ ಗಟ್ಟಿಯಾಗಿತ್ತು. ಅದರ ಗೇರ್‌ಬಾಕ್ಸಿನಿಂದ ಡೆನ್ವರ್ ಸ್ವಲ್ಪ ಎಣ್ಣೆ ಬೆರಳಿಗೆ ತೆಗೆದು ನನಗೆ ಮೂಸಲು ಕೊಟ್ಟ. ಸುಟ್ಟ ವಾಸನೆ ಇರಲಿಲ್ಲ, ಬಣ್ಣ ಇನ್ನೂ ಕೆಂಪಗಿತ್ತು. ನಂಬರನ್ನು ನಾನೇ ಕನ್ನಡಕ ಹಾಕಿ ಓದಿದೆ.

ಎಂಜಿನ್ನನ್ನು ಸರಪಳಿಯಲ್ಲಿ ತೂಗುಹಾಕಿ ತಮ್ಮನ್ನು ಕೆಳಗಿಳಿಸಿದ ದಿನ ನಾನು ಗ್ಯಾರೇಜಿನಲ್ಲೇ ಇದ್ದೆ. ಬೀಳ್ಕೊಡುಗೆಗೆ ಶಾಲು, ಹಣ್ಣು ತರಬೇಕಿತ್ತು, ಮರೆತೆ. ತಮ್ಮ ಜಾಗಕ್ಕೆ ಹೊಸಬರು ಕೂತರು, ಎಣ್ಣೆ ತಣಿಸುವ ಕೊಳವೆಗಳನ್ನು ತೊಳೆದು ತಮ್ಮ ಪುಡಿ ಪೂರ್ತಿ ಹೋಗುವವರೆಗೆ ಊದಿಸಿದರು.

ಮೊದಲ ಸವಾರಿಗೆ ತಾರಾನಾಥರು ತಾವೇ ಬಂದು ಪಕ್ಕದ ಸೀಟಿನಲ್ಲಿ ಕುಳಿತರು. ವೆರೊನಿಕಾ ಬಾಯಿಯ ಪೆಟ್ಟಿಗೆ ಹಿಂದೆ ಇತ್ತು. ಶಿರ್ವ ದಾಟಿ ಏರು ಶುರುವಾದಾಗ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿರುವುದನ್ನು ನೋಡಿ, "ಹೆದರಿಕೆಯಾ?" ಎಂದು ಕೇಳಿದೆ.

"ಆ ದಿನ ಫೋನಿನಲ್ಲಿ ನೀನು ಲಾರಿ ಅಂದೆ, ಮತ್ತೆ ದೊಡ್ಡ ಹಾರ್ನ್ ಕೇಳಿತು," ಎಂದರು. "ಆಮೇಲೆ ನಿನ್ನ ಸ್ವರ ಕೇಳಲಿಲ್ಲ. ಬಸ್ಸಿನಿಂದ ನೀನು ಬೇರೆಯವರ ಫೋನಿನಲ್ಲಿ ಮಾಡುವವರೆಗೆ ನಾನು ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಕೂತಿದ್ದೆ. ಮುಂದೆ ಬರ್ಲಿಕ್ಕೆ ಧೈರ್ಯ ಆಗಲಿಲ್ಲ."

ನನಗೆ ಇದು ಗೊತ್ತಿರಲಿಲ್ಲ. ಅವರು ಮಾರಿಬಿಡುವ ಎಂದದ್ದನ್ನು ನಾನು ಅಧಿಕಾರವೆಂದು ತಿಳಿದು ಎಷ್ಟು ದಿನ ಮುಖ ಊದಿಸಿಕೊಂಡಿದ್ದೆ. ಕಾರು ಮೂರನೆಯದರಿಂದ ಎರಡನೆಯದಕ್ಕೆ ಸದ್ದಿಲ್ಲದೆ ಇಳಿದು ಏರು ಹತ್ತಿತು. ಬೆಳ್ಮಣ್ ಪೇಟೆ ಬಂದಾಗ ತಾರಾನಾಥರು, "ಇಲ್ಲಿ ನಿಲ್ಲಿಸು," ಎಂದರು. ನಿಲ್ಲಿಸಿದೆ. ಬಾಗಿಲು ತೆಗೆದು ಇಳಿದು, ಪಂಚೆ ಸರಿಮಾಡಿಕೊಂಡು, ಕಿಟಕಿಗೆ ಬಗ್ಗಿ, "ನಾನು ಇಲ್ಲಿ ಒಂದು ಚಾ ಕುಡೀತೇನೆ. ನೀನು ಕಾರ್ಕಳಕ್ಕೆ ಹೋಗಿ ಬಾ," ಎಂದರು.

ಹೋಗಿ ಬಂದೆ. ತಮಗೆ ತಿಳಿಸಬೇಕಾದ ಮುಖ್ಯ ವಿಷಯ ಇದೇ ಆಗಿತ್ತು.

ತಮ್ಮ ಅನುಪಸ್ಥಿತಿಯಲ್ಲಿ ನೆಮ್ಮದಿಯಿಂದ ಏರು ಹತ್ತುತ್ತಿರುವ,
ತಮ್ಮ ವಿಶ್ವಾಸಿ,
ಮನೋರಮಾ
ಕಾಪು

ತಾ.ಕ.: ತಮ್ಮ ತೆರೆದ ಬಾಯಿಯೊಳಗೆ ಡೆನ್ವರನ ಮನೆಯ ಹೇಂಟೆ ನಿನ್ನೆಯಿಂದ ಮೊಟ್ಟೆ ಇಡತೊಡಗಿದೆಯೆಂದು ಸುದ್ದಿ. ಕಡೆಗೂ ತಮ್ಮಿಂದ ಏನಾದರೊಂದು ಸಮಯಕ್ಕೆ ಸರಿಯಾಗಿ ಹೊರಬರುತ್ತಿರುವುದಕ್ಕೆ ಹಾರ್ದಿಕ ಅಭಿನಂದನೆಗಳು.