ಹನಿಯೊಳಗಿನ ಹನಿ

ಸೆಕೆ ತಡೆಯಲಾರದೆ ಲಲಿತಾ ಕಿಟಕಿ ತೆರೆದದ್ದೇ ತಪ್ಪಾಯಿತು.

ಕೊಪ್ಪಳದ ಕಾಲೇಜೊಂದರಲ್ಲಿ ಗಣಿತ ಕಲಿಸುವ ಆಕೆ ನಲವತ್ತಾರನೆಯ ವಯಸ್ಸಿನಲ್ಲಿ ಪಿಎಚ್‌.ಡಿ. ಹಿಡಿದಿದ್ದಳು. ನೀರಿನ ಹನಿಯೊಳಗೆ ಎಣ್ಣೆಯ ಹನಿ. ಒಂದು ಬದಿಯಿಂದ ಕಾವು ಕೊಟ್ಟರೆ ಒಳಗಿನದು ಹೊರಗೆ ಬರುತ್ತದೆಯೋ, ಒಳಗೇ ಉಳಿಯುತ್ತದೆಯೋ? ಒಲೆಯಿಲ್ಲ, ಹನಿಯೂ ಇಲ್ಲ. ಎಲ್ಲ ಕಂಪ್ಯೂಟರಿನ ಲೆಕ್ಕದಲ್ಲೇ. ಇನ್ವರ್ಟರಿನ ಪುಣ್ಯದಿಂದ ಹನ್ನೊಂದು ದಿನ ಓಡಿದ ಲೆಕ್ಕ ಇಂದು ಮುಗಿಯಬೇಕಿತ್ತು. ಸಂಜೆ ಐದರೊಳಗೆ ಫಲಿತಾಂಶ ಧಾರವಾಡದ ಗೈಡ್ ಕೈ ಸೇರಿದರೆ ಈ ವರ್ಷವೇ ಪ್ರಬಂಧ.

ಕಿಟಕಿಯಲ್ಲಿ ಪಕ್ಕದ ಮನೆಯ ಹಂಪವ್ವನ ಮುಖ ಮೂಡಿತು. "ಏನ್ ನೋಡಾಕತ್ತೀಯವ್ವಾ? ಧಾರಾವಾಹಿ ಏನು?"

ಸುಮ್ಮನಿರದೆ ಲಲಿತಾ ಎಲ್ಲವನ್ನೂ ವಿವರಿಸಿದಳು.

"ಅಂದ್ರ ದೊಡ್ಡದು ಅತ್ತಿ, ಸಣ್ಣದು ಸೊಸಿ. ಕಾವು ಹತ್ತಿದ್ರ ಸೊಸಿ ಬ್ಯಾರೆ ಮನಿ ಮಾಡ್ತಾಳೋ ಇಲ್ಲೋ ಅನ್ನೂದು. ತಡಿ, ಎದುರಮನಿ ಇಮಾಮಬೀನೂ ಕರೀತೀನಿ!"

ಅರ್ಧ ಗಂಟೆಯಲ್ಲಿ ಓಣಿಯೇ ಕೋಣೆಯೊಳಗಿತ್ತು. ಅತ್ತೆಯರು ಒಂದು ಕಡೆ, ಸೊಸೆಯರು ಒಂದು ಕಡೆ.

"ಎಲ್ಲಿಗೆ ಹೋಗ್ತಾಳ? ಒಳಗ ತಂಪಾಗಿ ಅದಾಳ," ಎಂದಳು ಹಂಪವ್ವ.

"ನೀವ ಒಳಗ ಕುಂತು ನೋಡ್ರಿ, ಗೊತ್ತಾಗ್ತೈತಿ!" ಎಂದಳು ಅವಳ ಸೊಸೆ ಸುನಿತಾ. ತಳಕಲ್ ಊರಿನಿಂದ ಮದುವೆಯಾಗಿ ಬಂದ ಮೇಲೆ ಅತ್ತೆಯೆದುರು ಆಕೆ ಬಾಯಿ ತೆರೆದದ್ದು ಅದೇ ಮೊದಲು.

ಇಷ್ಟು ಮಂದಿಯ ಉಸಿರಿಗೆ ಕಂಪ್ಯೂಟರೇ ಕಾದು, ಗಂಗಾವತಿಯ ಭತ್ತದ ಗಿರಣಿಯಂತೆ ಗುರುಗುಟ್ಟತೊಡಗಿತು. ಇಮಾಮಬೀ ಮೊರದಿಂದ ಗಾಳಿ ಹಾಕಿದಳು. ಹಂಪವ್ವ ಕೊಡ ನೀರನ್ನೇ ಎತ್ತಿ ತಂದಳು. "ನೀರು ಬ್ಯಾಡ್ರೀ!" ಎಂದು ಕೊಡವನ್ನು ತಬ್ಬಿದ ಲಲಿತಾ ಅರ್ಧ ತೊಯ್ದಳು. ಅಷ್ಟರಲ್ಲಿ ಹಂಪವ್ವನ ಗಂಡ ಅಂದಪ್ಪ, "ದೀಪ ಆರಿಸಿದ್ರ ಕಾವು ಕಮ್ಮಿ ಆಗ್ತೈತಿ," ಎಂದು ಸ್ವಿಚ್ಚು ಒತ್ತಿದ.

ಪರದೆ ಕಪ್ಪಾಯಿತು. ಕೊಡ ಕೆಳಗಿಟ್ಟು ಲಲಿತಾ ಕಂಪ್ಯೂಟರಿನತ್ತ ಓಡಿದಳು. ಹನ್ನೊಂದು ದಿನ!

ನೋಡಿದರೆ ಅಂದಪ್ಪ ಒತ್ತಿದ್ದು ಪರದೆಯ ಸ್ವಿಚ್ಚು; ಆರಿದ್ದು ಅದೊಂದೇ. ಲೆಕ್ಕ ನಡೆದೇ ಇತ್ತು. ಮತ್ತೆ ಬೆಳಕಾದಾಗ ದೊಡ್ಡ ಹನಿಯ ಗೋಡೆ ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಎಲ್ಲರೂ ಪರದೆಗೆ ಮುಗಿಬಿದ್ದರು. ಗೋಡೆ ಹರಿಯಿತು. ಸಣ್ಣ ಹನಿ ಹೊರಗೆ ಜಾರಿತು.

"ಹೊಂಟ್ಲು! ಹೊಂಟ್ಲವ್ವಾ!" ಸುನಿತಾ ಕುಣಿದಳು.

ಲಲಿತಾಳ ಕಣ್ಣು ತುಂಬಿ ಬಂತು. ಇಪ್ಪತ್ತು ವರ್ಷ ಊರ ಮಕ್ಕಳ ಉತ್ತರ ತಿದ್ದಿದವಳಿಗೆ ಇದು ತನ್ನದೇ ಮೊದಲ ಉತ್ತರ. ಐದಕ್ಕೆ ಹತ್ತು ನಿಮಿಷವಿರುವಾಗ ಮೇಲ್ ಹೋಯಿತು. ಸೋತರೂ ಹಂಪವ್ವ ಬೆಲ್ಲ ಹಂಚಿದಳು.

ಐದೂವರೆಗೆ ಗೈಡ್ ಫೋನ್ ಮಾಡಿದರು. "ಛಲೋ ಕೆಲಸಾ ಮಾಡೀರಿ ಲಲಿತಾ ಅವರ. ಆದ್ರ ಆ ಹನಿ ತಾನಾಗಿ ಹೊರಗ ಬಂದಿಲ್ರಿ. ನೀವು ಹನೀನ ಚೌಕ ಚೌಕ ಮಾಡಿ ಲೆಕ್ಕ ಹಾಕೀರಲ್ಲ, ಆ ಚೌಕ ಭಾಳ ದೊಡ್ಡವು. ಗೋಡಿ ಚೌಕಕ್ಕಿಂತ ತೆಳ್ಳಗಾದ ಕೂಡ್ಲೆ ಕಂಪ್ಯೂಟರ್ ಗೋಡೀನ ಇಲ್ಲ ಅಂತ ತಿಳ್ಕೊಂಡೈತಿ. ಚೌಕ ಸಣ್ಣ ಮಾಡಿ ಮೊದಲಿಂದ ಓಡಸ್ರಿ."

"ಎಷ್ಟು ದಿನಾ ಬೇಕ್ರಿ ಸರ್?"

"ಮೂರು ತಿಂಗಳು. ಈ ವರ್ಷ ಪ್ರಬಂಧ ಆಗೂದಿಲ್ರಿ."

ಲಲಿತಾ ಸುದ್ದಿಯನ್ನು ಎಲ್ಲರಿಗೂ ಹೇಳಿದಳು. ಮೊದಲು ಬಾಯಿ ತೆರೆದವಳು ಸುನಿತಾ. "ಆಕಿ ಹೊರಗ ಬರೂದ ಇಲ್ಲ ಅಂತನೂ ಗ್ಯಾರಂಟಿ ಇಲ್ಲ, ಹೌದಲ್ರಿ ಅಕ್ಕಾರ?"

"ಇಲ್ಲ."

"ಮತ್ತ ಚಾಲೂ ಮಾಡ್ರಿ."

"ಮಾಡವ್ವಾ," ಎಂದಳು ಹಂಪವ್ವ, ಸೊಸೆಯನ್ನು ಓರೆಗಣ್ಣಿನಿಂದ ನೋಡುತ್ತ. "ಬರಲಿ, ಬ್ಯಾಡ ಅಂದೋರ್ಯಾರು? ಗೋಡಿ ಹರಕೊಂಡ್ಯಾಕ ಬರಬೇಕು, ಬಾಗಿಲಾ ತಕ್ಕೊಂಡು ಬರಲಿ."

ಲಲಿತಾ ಚೌಕಗಳನ್ನು ಅರ್ಧಕ್ಕಿಳಿಸಿ ಗುಂಡಿ ಒತ್ತಿದಳು.