ಹಾಡಿಲ್ಲದ ಸಿನಿಮಾಕ್ಕೆ ಗುಮಾಸ್ತರ ನೇಮಕ

ಹಾಡಿನಲ್ಲಿ ಯಾವ ಘಟನೆಯೂ ನಡೆಯುವುದಿಲ್ಲವೆಂದು ೧೯೫೮ರಲ್ಲಿ ಬಂಗಾರಪೇಟೆಯ ಮನರಂಜನಾ ಶಿಸ್ತು ಸಮಿತಿಯು ಸರ್ವಾನುಮತದಿಂದ ತೀರ್ಮಾನಿಸಿತು. ಸಿನಿಮಾ ಮುಗಿಯುವಷ್ಟರಲ್ಲಿ ಗಣಿ ಕೆಲಸಗಾರರಿಗೆ ಮಾರಿಕುಪ್ಪಂ ರೈಲು ತಪ್ಪುತ್ತಿತ್ತು. ಆದ್ದರಿಂದ ಹಾಡುಗಳನ್ನು ಕತ್ತರಿಸತಕ್ಕದ್ದು. ಹೀಗೆ ಉಳಿದ ಅರ್ಧ ಗಂಟೆಯನ್ನು ಎರಡನೆಯ ಇಂಟರ್‌ವಲ್ಲಿಗೆ ಮೀಸಲಿಡಲಾಯಿತು. ಸೋಡಾ ಅಂಗಡಿ ಅಧ್ಯಕ್ಷ ಜಯರಾಮಪ್ಪನವರ ಭಾವಮೈದುನನದು. ರೈಲು ಎಂದಿನಂತೆ ತಪ್ಪಿತು.

"ಸ್ವಾಮಿ, ಕತೆಯೆಲ್ಲಾ ಆಡಿನಾಗೇ ಐತೆ," ಎಂದು ಟೆಂಟ್ ಸಿನಿಮಾದ ಮಾಲೀಕ ಮುನಿಸ್ವಾಮಪ್ಪ ಕೈಮುಗಿದ.

"ಕಥೆ ಮಾತಿನಲ್ಲಿರತಕ್ಕದ್ದು," ಎಂದರು ಅಧ್ಯಕ್ಷರು.

ಲೈಸೆನ್ಸ್ ಹೋದೀತೆಂದು ಹೆದರಿ ಅವನು ಕತ್ತರಿ ಹಿಡಿದ.

ಅಂದಿನ ಆಟದಲ್ಲಿ ನಾಯಕ ಬಾವಿಕಟ್ಟೆಯ ಬಳಿ ನಾಯಕಿಗೆ "ನಿಮ್ಮ ಹೆಸರೇನು?" ಎಂದ. ಮರುಕ್ಷಣ ಆಕೆಯ ಕಂಕುಳಲ್ಲಿದ್ದ ಮಗು ಅವನಿಗೆ "ಅಪ್ಪಾ" ಎಂದಿತು. ಪ್ರೇಮ, ಮದುವೆ, ಸೀಮಂತ ಮೂರೂ ಹಾಡಿನಲ್ಲಿದ್ದವು. ಹಾಡು ಡಬ್ಬಿಯಲ್ಲಿತ್ತು.

ಬೂದಿಕೋಟೆಯಿಂದ ಬಂದಿದ್ದ ನರಸಮ್ಮ ಎದ್ದು ನಿಂತಳು. "ಏನಪ್ಪಾ ಇದು, ಎಸ್ರು ಕೇಳಿದ್ಕೇ ಮಗಾ ಆಗೋಯ್ತಾ? ಮದ್ವೆ ವಯಸ್ಸಿನ ಎಣ್ಮಕ್ಕಳ್ನ ಕರ್ಕೊಂಬಂದಿವ್ನಿ!"

ಮರುದಿನ ಟೆಂಟಿಗೆ ಒಂದು ಹೆಂಗಸೂ ಬರಲಿಲ್ಲ. ಮುನಿಸ್ವಾಮಪ್ಪ ಊಟ ಬಿಟ್ಟು ಸಮಿತಿಯ ಬಾಗಿಲಲ್ಲಿ ಕೂತ. ಹಾಡು ಮರಳಿಸಿದರೆ ನಿರ್ಣಯ ತಪ್ಪಾದಂತಾಗುತ್ತದೆ. ನಿರ್ಣಯ ತಪ್ಪಾಗಲು ನಿಯಮದಲ್ಲಿ ಅವಕಾಶವಿರಲಿಲ್ಲ. ಕೊನೆಗೆ ಗುಮಾಸ್ತ ಬಚ್ಚಪ್ಪನನ್ನು ಫೈಲು, ಲಾಟೀನುಗಳೊಂದಿಗೆ ಪರದೆಯ ಪಕ್ಕಕ್ಕೆ ನಿಯೋಜಿಸಲಾಯಿತು.

ನರಸಮ್ಮ ಈ ಬಾರಿ ಒಬ್ಬಳೇ ಬಂದು ನೋಡಿದಳು. ಬಾವಿಕಟ್ಟೆಯ ದೃಶ್ಯ ಮುಗಿದ ಕೂಡಲೇ ಬಚ್ಚಪ್ಪ ಚಿತ್ರ ನಿಲ್ಲಿಸಿ ಓದಿದ: "ಸದರಿಯವರಲ್ಲಿ ಪರಸ್ಪರ ಪ್ರೇಮ ಉಂಟಾಗಿ, ಹಿರಿಯರ ಸಮಕ್ಷಮ ವಿವಾಹ ನೆರವೇರಿರುತ್ತದೆ. ಮಗು ಸಕ್ರಮ."

"ಅಂಗನ್ನಿ ಮತ್ತೆ," ಎಂದಳು ನರಸಮ್ಮ.

ಸ್ವಲ್ಪ ಹೊತ್ತಿಗೆ ಮತ್ತೆ ಚಿತ್ರ ನಿಂತಿತು. "ನಾಯಕನ ತಾಯಿ ಮೃತಪಟ್ಟಿರುತ್ತಾರೆ. ಪ್ರೇಕ್ಷಕರು ಎರಡು ನಿಮಿಷ ದುಃಖಿಸಬಹುದು."

ಯಾರೂ ಅಳಲಿಲ್ಲ. ಬಚ್ಚಪ್ಪನಿಗೆ ಗಾಬರಿಯಾಯಿತು, ದುಃಖದ ವರದಿ ಒಪ್ಪಿಸಬೇಕಿತ್ತು. "ಯಾಕಮ್ಮಾ ಅಳ್ತಿಲ್ಲ?" ಎಂದ.

"ಕಾಗದಕ್ಕೆ ಎಂಗೆ ಅಳು ಬತ್ತದೆ ಸ್ವಾಮಿ? ನಮ್ಮವ್ವ ಸತ್ತಾಗ ನಂಟ್ರಿಗೆ ಬೇಯ್ಸಿಕ್ಕೋದ್ರಾಗೇ ಮೂರು ದಿನ ಓಯ್ತು. ಆ ಮ್ಯಾಕೆ ಇದೇ ಟೆಂಟ್ನಾಗೆ ಒಂದು ಆಡು ಕೇಳಿ ಅತ್ತೆ."

ಬಚ್ಚಪ್ಪ ಕಾಗದವನ್ನು ಲಾಟೀನಿನ ಹತ್ತಿರ ಹಿಡಿದ. ಆಮೇಲೆ ಗಂಟಲು ಸರಿಮಾಡಿಕೊಂಡು, "ಮೃತಪಟ್ಟಿರುತ್ತಾರೇ..." ಎಂದು ಮೆಲ್ಲನೆ ಎಳೆದ. "ತಾಯಿಯವರೂ... ಮೃತಪಟ್ಟಿರುತ್ತಾರೇ..." ನರಸಮ್ಮ ಸೆರಗು ಬಾಯಿಗೊತ್ತಿಕೊಂಡಳು. ಗಣಿಯವರು ಟವಲು ತೆಗೆದರು. ಮುನಿಸ್ವಾಮಪ್ಪನಂತೂ ಬಿಕ್ಕಿ ಬಿಕ್ಕಿ ಅತ್ತ.

ಸಮಿತಿ ತನಿಖೆ ನಡೆಸಿತು. ಇದು ಹಾಡಲ್ಲ, ರಾಗಸಹಿತ ಕಚೇರಿ ವರದಿ ಎಂದು ಘೋಷಿಸಿ, ಹಾರ್ಮೋನಿಯಂ ಮತ್ತು ತಬಲದವರನ್ನು ಸಹಾಯಕ ಗುಮಾಸ್ತರೆಂದು ನೇಮಿಸಿತು. ವರದಿಗಳು ಆಟಕ್ಕೆ ಅರ್ಧ ಗಂಟೆ ಹಿಡಿದವು.

ಮುಂದಿನ ಶನಿವಾರ ತಾಯಿಯ ಮರಣ ಮುಗಿಯುತ್ತಲೇ ಟೆಂಟೆಲ್ಲ "ಒನ್ಸ್ ಮೋರ್" ಎಂದು ಕೂಗಿತು. ಲಿಖಿತ ಅರ್ಜಿ ಬಂದರೆ ಪರಿಶೀಲಿಸಲಾಗುವುದೆಂದು ಬಚ್ಚಪ್ಪ ತಿಳಿಸಿದ. ಜನ ಕಣ್ಣೊರೆಸಿಕೊಂಡು ಸಾಲಾಗಿ ನಿಂತರು. ಮೊದಲ ಹೆಬ್ಬೆಟ್ಟು ನರಸಮ್ಮನದು.